ಎರಡು ಲೀಟರ್ ತೀರ್ಥ

ಸಹನಾ, ಮುತ್ತು, ನೀವಿಬ್ಬರೂ ಇದನ್ನು ಕೂತು ಓದಿ. ನಿಂತು ಓದಿ ಮುಗಿಸುವಷ್ಟು ಚಿಕ್ಕದಲ್ಲ. ನಿಮ್ಮ ಅಜ್ಜಿಗೆ ಚಿಕ್ಕದಾಗಿ ಬರೆಯಲು ಬರುವುದಿಲ್ಲ, ಮಾತನಾಡಲು ಮೊದಲೇ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸುವವರೆಗೆ ನಾನು ಮಾಸ್ತರರ ಮುಂದೆ ಬಾಯಿ ಬಿಟ್ಟದ್ದು ಹಾಜರಿ ಕರೆದಾಗ ಮಾತ್ರ. ಅದನ್ನೂ ಎಷ್ಟೋ ದಿನ ಪಕ್ಕದಲ್ಲಿ ಕೂತವಳೇ ನನ್ನ ಪರವಾಗಿ ಹೇಳುತ್ತಿದ್ದಳು.

ಅಂಥವಳು ಈಗ ತನ್ನ ಕರುಳಿನ ವಿಷಯ ಬರೆಯಲು ಕೂತಿದ್ದೇನೆ!

ಇದು ಶುರುವಾದದ್ದು ಮುಂಡರಗಿಯ ಶಿವಪ್ಪಜ್ಜನಿಂದ, ಅಂದರೆ ನನ್ನ ತಮ್ಮನಿಂದ. ಎರಡು ವರ್ಷ ಅವನಿಗೆ ಮಲದ ಜೊತೆ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಇರಬೇಕೆಂದು ತಾನೇ ತೀರ್ಮಾನಿಸಿ, ಹೆಂಡತಿಗೂ ಹೇಳದೆ, ಮಜ್ಜಿಗೆ ಕುಡಿದುಕೊಂಡು ಸುಮ್ಮನಿದ್ದ. ನಾಚಿಕೆ ನಮ್ಮ ಮನೆತನದಲ್ಲಿ ಮೂಗಿನ ಹಾಗೆ. ಎಲ್ಲರಿಗೂ ಒಂದೇ ಅಳತೆಯದು ಬಂದಿದೆ. ಕೊನೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿ, ಒಂದು ಗೇಣು ಕರುಳು ಕತ್ತರಿಸಿ ತೆಗೆದರು. ಬದುಕಿದ, ದೇವರು ದೊಡ್ಡವನು. ಆದರೆ ಗುಣವಾದ ಮೇಲೆ ನಮ್ಮ ಲಕ್ಷ್ಮೇಶ್ವರಕ್ಕೆ ಬಸ್ಸು ಹತ್ತಿ ಬಂದಾಗ ನಾನು ಬಾಗಿಲಲ್ಲಿ ನಿಂತು, "ಯಾರು ಬೇಕಾಗಿತ್ರಿ?" ಎಂದು ಕೇಳಿದೆ. ಅಷ್ಟು ಸೊರಗಿದ್ದ. ಸ್ವಂತ ತಮ್ಮ!

"ಅಕ್ಕಾ," ಎಂದ ನೀರು ಕುಡಿದು. "ನಮ್ಮ ಡಾಕ್ಟರ್ ಹೇಳ್ಯಾರ, ಒಡಹುಟ್ಟಿದವ್ರೂ ನೋಡಿಸ್ಕೋಬೇಕಂತ. ಇದು ಮೊದಲ ಸಣ್ಣ ಗಂಟಾಗಿರತೈತಂತ. ಆವಾಗ ತಗದುಬಿಟ್ರ ಮುಗೀತು, ಕ್ಯಾನ್ಸರ್ ಆಗೂದನ ಇಲ್ಲ."

"ನನಗೇನೂ ಆಗಿಲ್ಲಪಾ."

"ನನಗೂ ಏನೂ ಆಗಿರಲಿಲ್ಲ. ಎರಡು ವರ್ಷ ಏನೂ ಆಗಿರಲಿಲ್ಲ!"

ನಿಮ್ಮ ಅವ್ವ ಗೀತಾ ಬೆಟಗೇರಿಯಿಂದ ಬಂದು ನನ್ನನ್ನು ಗದಗಿಗೆ ಕರೆದುಕೊಂಡು ಹೋದಳು. ಮೊದಲಾದರೆ ದೊಡ್ಡ ರೋಗಕ್ಕೆಲ್ಲ ಹುಬ್ಬಳ್ಳಿಗೇ ಹೋಗಬೇಕಿತ್ತು. ಗದಗ ಜಿಲ್ಲೆಯಾದ ಮೇಲೆ ನಾಚಿಕೆಪಡುವುದಕ್ಕೂ ಹತ್ತಿರದಲ್ಲೇ ಅನುಕೂಲವಾಗಿದೆ.

ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಅಷ್ಟರಮಟ್ಟಿಗೆ ಬದುಕಿದೆ ಎಂದುಕೊಂಡೆ. ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಕೆಳಗಿನಿಂದ ಹಾಕಿ ದೊಡ್ಡ ಕರುಳನ್ನು ಪೂರ್ತಿ ನೋಡುತ್ತೇವೆ ಎಂದು ಆಕೆ ವಿವರಿಸುವಾಗ ನಾನು ನೆಲದ ಫರಸಿ ಕಲ್ಲು ಎಣಿಸುತ್ತಿದ್ದೆ. ಆದರೆ ಗೀತಾಳ ಕಡೆ ತಿರುಗಿ ಹೇಳಿದ ಒಂದು ಮಾತು ಮಾತ್ರ ಕಿವಿಗೆ ಬಿತ್ತು.

"ಅಮ್ಮಾರ ಕರುಳಿನ್ಯಾಗ ಅಂಥಾ ಗಂಟು ಸಿಕ್ರ, ಮುಂದ ನಿಮ್ಮನ್ನೂ ನೋಡಬೇಕಾಗ್ತೈತ್ರಿ."

ಅಲ್ಲಿಗೆ ನನ್ನ ಫರಸಿಯ ಲೆಕ್ಕ ತಪ್ಪಿತು. ನನ್ನ ಹೊಟ್ಟೆಯೊಳಗಿನದು ನನ್ನ ಹೊಟ್ಟೆಯೊಳಗೇ ಮುಗಿಯುವುದಿಲ್ಲ. ಗೀತಾಳಿಗೆ ಉಂಟು, ನಾಳೆ ನಿಮಗಿಬ್ಬರಿಗೂ ಉಂಟು. ಇನ್ನು ಬೇಡ ಎನ್ನುವ ಹಾಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಪರೀಕ್ಷೆ ಎಂದು ಗೊತ್ತುಮಾಡಿ, ಒಂದು ಹಾಳೆಯನ್ನೂ ಎರಡು ಪುಡಿ ಪೊಟ್ಟಣಗಳನ್ನೂ ಕೊಟ್ಟರು. ಸೋಮವಾರ ಊಟ ಮಾಡಬಾರದು, ತಿಳಿ ನೀರಿನಂಥದ್ದು ಮಾತ್ರ ಕುಡಿಯಬೇಕು. ಪುಡಿಯನ್ನು ಎರಡು ಲೀಟರ್ ನೀರಿನಲ್ಲಿ ಕಲಸಿ ಅರ್ಧ ಸೋಮವಾರ ಸಂಜೆ, ಉಳಿದರ್ಧ ಮಂಗಳವಾರ ನಸುಕಿನಲ್ಲಿ ಕುಡಿಯಬೇಕು. ಕರುಳು ತೊಳೆದ ಹಾಗೆ ಸ್ವಚ್ಛವಾಗಬೇಕು.

ನಾನು ಮನಸ್ಸಿನಲ್ಲೇ ನಕ್ಕೆ. ಒಂದು ದಿನ ಹೊಟ್ಟೆ ಖಾಲಿ ಇಡುವುದಕ್ಕೆ ಇಷ್ಟು ದೊಡ್ಡ ಕಾಗದವೇ? ನಲವತ್ತು ಶಿವರಾತ್ರಿ ಮಾಡಿದವಳು ನಾನು!

"ಅವ್ವಾ, ಸೋಮವಾರ ನಾ ಬಂದಿರತೀನಿ," ಎಂದಳು ಗೀತಾ.

"ಬ್ಯಾಡ ಬಿಡವಾ. ಉಪಾಸ ಮಾಡಾಕ ಜೋಡಿ ಬೇಕೇನು? ಮಂಗಳವಾರ ಗದಗ ಬಸ್‌ ಸ್ಟ್ಯಾಂಡಿಗೆ ಬಾ, ಸಾಕು."

ಇಷ್ಟು ಧೈರ್ಯದ ಮಾತು ನಾನು ಜನ್ಮದಲ್ಲಿ ಆಡಿರಲಿಲ್ಲ. ಆಡಬಾರದಾಗಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎದುರುಮನೆಯ ನಿಂಗವ್ವ ದೊಡ್ಡವ್ವ ತನ್ನ ಕಟ್ಟೆಯ ಮೇಲಿಂದಲೇ ಕೂಗಿದಳು. ಎಂಬತ್ತರ ಮುದುಕಿ; ಕಣ್ಣು ಮಂದ, ಕಿವಿ ಚುರುಕು.

"ಏ ಪಾರವ್ವಾ! ಇವತ್ತ ರೊಟ್ಟಿ ಬಡಿಯೋ ಸಪ್ಪಳಾನ ಇಲ್ಲಲ್ಲ? ಆರಾಮ ಇಲ್ಲೇನು?"

ಖರೆ ಹೇಳಬಹುದಿತ್ತು. ಆದರೆ ನಾಳೆ ನನಗೆ ಎಲ್ಲಿಂದ ಏನು ಹಾಕಿ ಏನು ನೋಡುತ್ತಾರೆ ಎಂಬುದನ್ನು ಓಣಿಯ ನಡುವೆ ನಿಂತು, ಕಿವಿ ಚುರುಕಿದ್ದರೂ ಆಗಾಗ "ಆಂ?" ಎನ್ನುವ ಮುದುಕಿಗೆ ಕೂಗಿ ಹೇಳುವುದು ಹೇಗೆ? ನನ್ನ ಬಾಯಿ ತನಗೆ ತಾನೇ ಒಂದು ದಾರಿ ಹುಡುಕಿಕೊಂಡಿತು.

"ಉಪಾಸ ಅದೀನಿ ದೊಡ್ಡವ್ವಾ."

"ನೀ ಯಾವಾಗಿಂದ ಸೋಮವಾರ ಹಿಡದಿ?"

"ಹರಕಿ ಐತಿ."

"ಯಾರ ಸಲುವಾಗಿ?"

"ತಮ್ಮನ ಸಲುವಾಗಿ."

ಅರ್ಧ ಸುಳ್ಳು, ಅರ್ಧ ಖರೆ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಿವಪ್ಪನ ಸುದ್ದಿ ಅವಳಿಗೆ ಗೊತ್ತಿತ್ತು.

"ಒಬ್ಬಾಕಿನ ಯಾಕ ಮಾಡ್ತೀ? ನಾವೆಲ್ಲಾ ಸತ್ತೀವೇನು? ಸಂಜಿಕೆ ನಿಮ್ಮನ್ಯಾಗ ಭಜನಿ ಮಾಡೂಣು. ಓಣ್ಯಾಗ ಹೇಳಿ ಬರತೀನಿ ತಡಿ."

ನಾನು "ಬ್ಯಾಡ" ಎನ್ನುವುದರೊಳಗೆ ಎದ್ದು ಹೊರಟೇಬಿಟ್ಟಳು. ಮೊಣಕಾಲು ನೋವೆಂದು ಆರು ತಿಂಗಳಿಂದ ಕಟ್ಟೆ ಬಿಟ್ಟು ಇಳಿಯದವಳು ಅಂದು ಇಡೀ ಓಣಿ ತಿರುಗಿದಳು!

ಹತ್ತು ಗಂಟೆಯಿಂದ ತಾಟುಗಳು ಬರತೊಡಗಿದವು. ಉಪವಾಸ ಇದ್ದವರಿಗೆ ಫಳಾರ ಕೊಟ್ಟರೆ ಕೊಟ್ಟವರಿಗೂ ಪುಣ್ಯ. ಓಣಿಯವರಿಗೆ ಪುಣ್ಯದ ಅವಸರ ಬಹಳ. ಶೇಂಗಾ ಕುಟ್ಟಿ ಹಾಕಿದ ಸಾಬೂದಾನಿ ಖಿಚಡಿ ಬಂತು. ಶೇಂಗಾ ಉಂಡಿ ಬಂದವು. ಬಾಳೆಹಣ್ಣು, ಖರ್ಜೂರ ಬಂದವು. ತಂದವರು ತಾಟು ಇಟ್ಟು ಹೋಗಲಿಲ್ಲ. ಎದುರಿಗೆ ಕೂತು ತಿನ್ನಿಸಿ ಹೋದರು. ಬೇಡವೆಂದರೆ, "ತಮ್ಮನ ಹರಕಿ ಐತಿ, ಒಲ್ಲೆ ಅನಬ್ಯಾಡ," ಎಂದರು. ನನಗೂ ಹಾಳೆಯ ಮಾತು ನೆನಪಾಯಿತು. ಊಟ ಮಾಡಬಾರದು ಎಂದಿತ್ತು. ನಮ್ಮ ಕಡೆ ರೊಟ್ಟಿ, ಅನ್ನ ಹೊಟ್ಟೆಗೆ ಬಿದ್ದರೆ ಊಟ. ಉಳಿದದ್ದು ಎಷ್ಟೇ ತಿಂದರೂ ಉಪವಾಸ. ಹೀಗಾಗಿ ನಾನು ನಿಯಮ ಮುರಿದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಕಾಳು, ಬೀಜ, ನಾರು ಇರುವುದನ್ನು ಎರಡು ದಿನ ಮೊದಲಿನಿಂದಲೇ ಮುಟ್ಟಬಾರದು ಎಂದು ಹಾಳೆಯ ಇನ್ನೊಂದು ಮಗ್ಗುಲಲ್ಲಿ ಬರೆದಿತ್ತು. ನಾನು ಆ ಮಗ್ಗುಲು ತಿರುವಿದ್ದು ಬುಧವಾರ!

ಪಕ್ಕದ ಮನೆಯ ಬೀಬಿಜಾನ, ಬಟ್ಟೆ ಹೊಲಿಯುವವಳು, ಹಿತ್ತಲ ಗೋಡೆಯ ಮೇಲಿಂದ ಇಣುಕಿ ತಾಟುಗಳ ಸಾಲು ನೋಡಿದಳು.

"ಅಕ್ಕಾ, ನಾವು ರೋಜಾ ಹಿಡದ್ರ ಹನಿ ನೀರು ಸೈತ ಮುಟ್ಟೂದಿಲ್ಲ. ನಿಮ್ಮ ಉಪಾಸಕ್ಕ ನನ್ನ ಮದುವಿಗಿಂತ ಹೆಚ್ಚು ತಿನಿಸು ಬಂದಾವಲ್ಲ!"

"ನಮ್ಮದು ಹಿಂಗನವಾ," ಎಂದೆ ಬಾಯಲ್ಲಿ ಉಂಡಿ ಇಟ್ಟುಕೊಂಡು.

ಅಂದು ನನಗೆ ಸರಿಯಾದ ವೈದ್ಯಕೀಯ ಸಲಹೆ ಸಿಕ್ಕಿದ್ದು ಆ ಗೋಡೆಯ ಮೇಲಿಂದ ಒಂದೇ ಸಲ. ನಾನು ಅದನ್ನು ಚೇಷ್ಟೆ ಎಂದುಕೊಂಡೆ.

ನಾಲ್ಕು ಗಂಟೆಗೆ ಎರಡು ಪೊಟ್ಟಣಗಳನ್ನೂ ಸ್ಟೀಲಿನ ಕೊಡಪಾನದಲ್ಲಿ ಕಲಸಿದೆ. ನಿಂಬೆಹಣ್ಣಿನ ವಾಸನೆ, ಉಪ್ಪು, ಹುಳಿ, ಸಿಹಿ ಎಲ್ಲ ಬೆರೆತ ರುಚಿ. ಕಾಲುಗಂಟೆಗೊಂದು ಗ್ಲಾಸಿನಂತೆ ಐದು ಗ್ಲಾಸು ಕುಡಿದು ಸಂಜೆಯ ಪಾಲು ಮುಗಿಸಿದೆ. ನಸುಕಿನ ಪಾಲನ್ನು ತಂಪಾದ ಜಾಗದಲ್ಲಿ ಇಡಬೇಕಲ್ಲ? ನಮ್ಮ ಮನೆಯಲ್ಲಿ ಬೆಕ್ಕು ಹತ್ತದ, ಬಿಸಿಲು ಬೀಳದ ಜಾಗ ಒಂದೇ. ದೇವರ ಜಗಲಿ. ಅಲ್ಲಿ ಇಟ್ಟು ತಾಟು ಮುಚ್ಚಿದೆ. ಬುದ್ಧಿವಂತಿಕೆ!

ಐದೂವರೆಗೆ ನಿಂಗವ್ವ ದೊಡ್ಡವ್ವ ಐದು ಮಂದಿಯನ್ನು ಹಿಂದೆ ಕಟ್ಟಿಕೊಂಡು, ತಾಳ ಹಿಡಿದು ಬಂದಳು. ಸರಿಯಾಗಿ ಅದೇ ಹೊತ್ತಿಗೆ ಔಷಧವೂ ತನ್ನ ಕೆಲಸಕ್ಕೆ ಹಾಜರಾಯಿತು.

ಮೊದಲನೆಯ ಪದ ಮುಗಿಯುವುದರೊಳಗೆ ಎರಡು ಸಲ ಹಿತ್ತಲಿಗೆ ಹೋಗಿ ಬಂದೆ. ಹೋಗುವಾಗ ಓಟ, ಬರುವಾಗ ಮುಖ ತೊಳೆದುಕೊಂಡು ಮೆಲ್ಲಗೆ. ಮೂರನೆಯ ಸಲ ಬಾಗಿಲ ಹತ್ತಿರ ಒಳಗಿನ ಮಾತು ಕೇಳಿಸಿತು.

"ಪಾಪ, ತಮ್ಮನ್ನ ನೆನಸಿ ನೆನಸಿ ಅಳಾಕ ಹೋಗ್ತಾಳ."

"ಮಾರಿ ನೋಡ್ರಿ, ಹೆಂಗ ತೊಯ್ದೈತಿ."

"ಅತ್ತು ಹಗುರಾಗಲಿ ಬಿಡ್ರಿ."

ಹಗುರಾಗುತ್ತಿದ್ದದ್ದು ನಿಜವೇ. ಆದರೆ ಅಷ್ಟು ಮರುಗುವವರ ನಡುವೆ ಹೋಗಿ ಮತ್ತೆ ಕೂತಾಗ ನನಗೆ ನಿಜವಾಗಿಯೂ ಅಳು ಬಂತು. ಯಾಕೆ ಬಂತೋ ತಿಳಿಯದು. ದಣಿದಿದ್ದೆ. ಸುಳ್ಳು ಹೇಳಿ ದಣಿದಿದ್ದೆ, ಓಡಾಡಿ ದಣಿದಿದ್ದೆ, ಇಷ್ಟು ದಿನ ಒಬ್ಬಳೇ ಹೆದರಿ ಹೆದರಿ ದಣಿದಿದ್ದೆ.

ನಾಲ್ಕನೆಯ ಸಲ ಹೋದವಳು ಸ್ವಲ್ಪ ತಡವಾಗಿ ಬಂದೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ.

ನಿಂಗವ್ವ ದೊಡ್ಡವ್ವ ಜಗಲಿಯ ಮುಂದೆ ಕೊಡಪಾನ ಇಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ನನ್ನ ಸಾರಿನ ಸೌಟು. ಐದೂ ಮಂದಿ ಅರ್ಧರ್ಧ ಗ್ಲಾಸು ಹಿಡಿದು, ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿ ಕುಡಿಯುತ್ತಿದ್ದರು!

"ಬಾ ಪಾರವ್ವಾ, ತೀರ್ಥ ಭಾಳ ಚಲೋ ಆಗೇತಿ. ನಿಂಬಿಹಣ್ಣು ಎಷ್ಟು ಹಿಂಡೀ? ನಾ ಎರಡು ಗ್ಲಾಸ್ ತಗೊಂಡ್ನಿ."

ಮಕ್ಕಳೇ, ನಾನು ಆಗ ಕೂಗಬೇಕಾಗಿತ್ತು. ಕೂಗಿದ್ದರೆ ಏನೆಂದು ಕೂಗಬೇಕಿತ್ತು? ಜಗಲಿಯ ಮೇಲಿಂದ ತೆಗೆದು, ಕೈಮುಗಿದು, ನನ್ನ ತಮ್ಮನ ಹೆಸರು ಹೇಳಿ ಕುಡಿಯುತ್ತಿದ್ದಾರೆ. ಅದು ಜುಲಾಬಿನ ಔಷಧ ಎಂದು ಯಾವ ಬಾಯಿಂದ ಹೇಳಲಿ? ನಾನು ಮಾಡಿದ್ದು ಇಷ್ಟೇ: ಸುಮ್ಮನೆ ಕೂತು ತಾಳ ಹಾಕಿದೆ.

ಮುಕ್ಕಾಲು ಗಂಟೆಯಲ್ಲಿ ಮೊದಲನೆಯವಳು, "ಒಲಿ ಮ್ಯಾಲ ಹಾಲಿಟ್ಟು ಬಂದೀನಿ," ಎಂದು ಎದ್ದಳು. ಎರಡನೆಯವಳು ಕಾರಣವನ್ನೂ ಹೇಳಲಿಲ್ಲ. ಮೂರನೆಯವಳು ಚಪ್ಪಲಿ ಬಿಟ್ಟು ಹೋದಳು. ಮಂಗಳಾರತಿಯ ಹೊತ್ತಿಗೆ ಭಜನಾ ಮಂಡಳಿಯಲ್ಲಿ ನಾನೂ ತಾಳವೂ ಉಳಿದಿದ್ದೆವು.

ಕೊಡಪಾನದ ತಳದಲ್ಲಿ ಅರ್ಧ ಗ್ಲಾಸಿನಷ್ಟು ಇತ್ತು. ಹಾಳೆಯಲ್ಲಿ ಅಳತೆ ಕಡ್ಡಾಯ ಎಂದಿತ್ತು. ಅಳತೆಯನ್ನು ನಾನು ಬಿಡಲಿಲ್ಲ! ನಲ್ಲಿಯ ನೀರು ತುಂಬಿಸಿ, ಎರಡು ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಸರಿಯಾಗಿ ಒಂದು ಲೀಟರ್ ಮಾಡಿಟ್ಟೆ. ನಸುಕಿನಲ್ಲಿ ಎದ್ದು ಅದನ್ನು ಶಿಸ್ತಿನಿಂದ ಕುಡಿದೆ. ಅದು ಔಷಧವಲ್ಲ, ಶರಬತ್ತು ಎಂಬುದು ನನಗೂ ಗೊತ್ತಿತ್ತು, ಹೊಟ್ಟೆಗೂ ಗೊತ್ತಾಯಿತು. ಅದು ಅಲ್ಲಾಡಲಿಲ್ಲ.

ಬಸ್ಸಿಗೆ ಹೊರಟಾಗ ಕಟ್ಟೆಯ ಮೇಲೆ ನಿಂಗವ್ವ ದೊಡ್ಡವ್ವನ ಮುಖ ಹೊಸದಾಗಿ ಬೆಳಗಿದ ಹಿತ್ತಾಳೆ ಚರಿಗೆಯ ಹಾಗೆ ಹೊಳೆಯುತ್ತಿತ್ತು.

"ಪಾರವ್ವಾ! ಎಂಟು ದಿನದಿಂದ ಹೊಟ್ಟಿ ಕಲ್ಲಾಗಿತ್ತು. ನಿನ್ನೆ ತೀರ್ಥ ಒಳಗ ಹೋಗಿದ್ದ ತಡ, ಹೂವಾತು ನೋಡು! ಯಾವ ದೇವರ ಹರಕಿ ಅದು? ಶಿರಹಟ್ಟ್ಯಾಗ ನನ್ನ ಮಗಳಿಗೂ ಇದ ತ್ರಾಸ. ಫೋನ್ ಹಚ್ಚಿ ಹೇಳೀನಿ, ಬರೂ ಸೋಮವಾರ ಬರ್ತಾಳ."

"ಬಸ್ ತಪ್ಪತೈತಿ ದೊಡ್ಡವ್ವಾ," ಎಂದು ಓಡಿದೆ. ಮುಳಗುಂದ ದಾಟುವವರೆಗೂ ತಲೆ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಒಂದು ಹಸಿರು ಅಂಗಿ ಕೊಟ್ಟಳು. ಮುಂದೆ ಎಲ್ಲ ಮುಚ್ಚಿತ್ತು, ಹಿಂದೆ ಎಲ್ಲ ತೆರೆದಿತ್ತು. ನಿಮ್ಮ ಅಜ್ಜನ ಎದುರಿಗೂ ತಲೆಯ ಮೇಲಿನ ಸೆರಗು ಜಾರಗೊಡದೆ ಸಂಸಾರ ಮಾಡಿದವಳು ನಾನು. ಅದನ್ನು ತಿರುವುಮುರುವು ಹಾಕಿಕೊಂಡು ಹೊರಬಂದೆ. ನರ್ಸು ಭುಜ ಹಿಡಿದು ತಿರುಗಿಸಿ ಮತ್ತೆ ಒಳಗೆ ಕಳಿಸಿದಳು.

ಎಡಮಗ್ಗುಲು ಮಲಗಿಸಿದರು. ತೂಕಡಿಕೆಯ ಸೂಜಿ ಕೊಟ್ಟರು. ನಿದ್ದೆ ಬರುವಷ್ಟು ನನ್ನ ಜೀವಕ್ಕೆ ಸಮಾಧಾನವಿರಲಿಲ್ಲ. ಎದುರಿಗೆ ಟಿವಿ. ನನ್ನ ಕರುಳನ್ನು ನಾನೇ ನೋಡಬೇಕಾದ ಗತಿ! ಸ್ವಲ್ಪ ಹೊತ್ತಿಗೆ ಡಾಕ್ಟರು ನಿಂತರು.

"ಅಮ್ಮಾರ, ನಿನ್ನೆ ಏನರ ತಿಂದಿದ್ರೇನು?"

"ಇಲ್ಲರಿ. ಉಪಾಸ."

"ಪೂರ್ತಿ?"

"ಪೂರ್ತಿರಿ."

"ಹಂಗಾರ ಟಿವಿಯೊಳಗ ಈ ಶೇಂಗಾ ಯಾರವ್ರಿ?"

ನಾನು ಕಣ್ಣು ಮುಚ್ಚಿದೆ. ಸುಳ್ಳು ಹೇಳಿದರೆ ಹೊಟ್ಟೆಯೊಳಗಿನದು ಹೊರಬೀಳುತ್ತದೆ ಎಂದು ಚಿಕ್ಕವರಿದ್ದಾಗ ನಮ್ಮವ್ವ ಹೆದರಿಸುತ್ತಿದ್ದಳು. ಬಣ್ಣದ ಟಿವಿಯಲ್ಲಿ ಬೀಳುತ್ತದೆ ಎಂದು ಹೇಳಿರಲಿಲ್ಲ!

"ಔಷಧರ ಪೂರ್ತಿ ಕುಡಿದ್ರಿಲ್ಲ?"

"ಕುಡಿದ್ವಿರಿ."

"ಕುಡಿದ್ವಿ ಅಂದ್ರ?"

"ಏಳು ಮಂದಿ ಕುಡಿದ್ವಿರಿ."

ನರ್ಸು ಗೋಡೆಯ ಕಡೆ ತಿರುಗಿದಳು. ಅವಳ ಭುಜ ಕುಣಿಯುತ್ತಿತ್ತು. ನಾನು ಹರಕೆ, ಜಗಲಿ, ಸೌಟು ಎಲ್ಲ ಹೇಳಿದೆ. ಹುಟ್ಟಿದಾಗಿನಿಂದ ಒಂದೇ ಸಲಕ್ಕೆ ಇಷ್ಟು ಮಾತು ಆಡಿರಲಿಲ್ಲ. ಆಡಿದ್ದು ಎಂಥ ಭಂಗಿಯಲ್ಲಿ ನೋಡಿ!

ಕೊಳವೆ ತೆಗೆದ ಮೇಲೆ ಡಾಕ್ಟರು ಗೀತಾಳನ್ನು ಒಳಗೆ ಕರೆದರು. ಕರುಳಿನ ಸ್ವಚ್ಛತೆಗೆ ಅವರಲ್ಲಿ ಮಾರ್ಕ್ಸ್ ಉಂಟು. ಎಡಗಡೆಗೆ ಮೂರು, ನಡುವಿಗೆ ಮೂರು, ಬಲಗಡೆಗೆ ಮೂರು, ಒಟ್ಟು ಒಂಬತ್ತು. ನನಗೆ ಬಂದದ್ದು ಎರಡು. ಬಲಗಡೆಯದಂತೂ ಸೊನ್ನೆ.

ಗೀತಾ ನನ್ನ ಮುಖ ನೋಡಿ, ನಾನು ಮತ್ತೆ ಬರುವವಳಲ್ಲ ಎಂದು ತಿಳಿದುಕೊಂಡಳು. "ಡಾಕ್ಟರ್, ಸ್ವಲ್ಪರ ನೋಡಿದ್ರಲ್ಲ. ಕಂಡಷ್ಟರೊಳಗ ಏನೂ ಇಲ್ಲಂದ್ರ, ಏನೂ ಇಲ್ಲಂತ ಬರದು ಕೊಟ್ಟುಬಿಡ್ರಿ. ಅವ್ವಗ ಸಮಾಧಾನ ಆಗ್ತೈತಿ."

ಡಾಕ್ಟರ ಮುಖದಲ್ಲಿದ್ದ ನಗು ನಿಂತಿತು.

"ಬರೀಲಾಕ ಒಂದು ನಿಮಿಷ ಸಾಕ್ರಿ. ಆದ್ರ ನಾ ಕಾಣದ್ದನ್ನ ಇಲ್ಲಾ ಅಂತ ಬರದ್ರ, ಇವರು ಅದನ್ನ ನಂಬಿ ಹತ್ತು ವರ್ಷ ಆರಾಮ ಕುಂಡ್ರತಾರ. ಒಳಗ ಒಂದು ಗಂಟು ಇದ್ರ ಅದು ಆರಾಮ ಕುಂಡ್ರೂದಿಲ್ಲ. ಈ ಪರೀಕ್ಷೆದಾಗ ಕೊಳವಿ ಒಳಗ ಹೋಗೂದು ದೊಡ್ಡ ಕೆಲಸಲ್ಲರಿ. ಕಡೀತನಕ ಮುಟ್ಟಿ, ಹೊರಗ ಬರೂವಾಗ ಗಡಿಯಾರ ಇಟ್ಕೊಂಡು, ಸಾವಕಾಶ, ಒಂದೊಂದು ಮಡಿಕೆ ಹಿಂದ ನೋಡಬೇಕು. ಗಂಟು ಆ ಮಡಿಕ್ಯಾಗ ಅಡಗಿರತಾವ. ಅವಸರ ಮಾಡಿದ್ರ, ಇಲ್ಲಾ ಕರುಳು ಹೊಲಸಿದ್ರ, ಕಣ್ಣ ಮುಂದ ಇದ್ರೂ ತಪ್ಪತಾವ. ಮತ್ತ ಮಾಡೂಣು."

ಆಮೇಲೆ ನನ್ನ ಕೈ ಹಿಡಿದು ಕೇಳಿದರು. "ಆ ಎರಡು ಗ್ಲಾಸ್ ಕುಡಿದ ಅಜ್ಜಿ ಆರಾಮ ಅದಾರಿಲ್ಲ? ಮೂತ್ರಪಿಂಡದ್ದು, ಹಾರ್ಟಿಂದು ತ್ರಾಸ ಇದ್ದವ್ರು ಇದನ್ನ ಸುಮ್ಮ ಸುಮ್ಮನ ಕುಡೀಬಾರದ್ರಿ. ಇವತ್ತ ಹೋಗಿ ಅವರಿಗೆ ಹೇಳ್ರಿ. ನಿಮ್ಮ ನಾಚಿಕಿ ನಿಮಗಷ್ಟ ಇರಲಿ, ಬ್ಯಾರೇದವರ ಹೊಟ್ಟಿಗೆ ಬ್ಯಾಡ."

ಬಸ್ಸಿನಲ್ಲಿ ಬರುವಾಗ ಗ್ಲಾಸು ಹಿಡಿದ ಆ ಆರು ಮುಖಗಳೇ ಕಣ್ಣ ಮುಂದೆ ಬಂದವು. ನನ್ನ ತಮ್ಮನ ಮೌನ ಅವನ ಒಂದು ಗೇಣು ಕರುಳು ತಿಂದಿತ್ತು. ನನ್ನ ಮೌನ ಅಷ್ಟಕ್ಕೆ ನಿಲ್ಲದೆ ಇಡೀ ಓಣಿಗೆ ಬಡಿಸಿಕೊಂಡು ಬಂದಿತ್ತು.

ಅಂದು ಸಂಜೆ ಗೀತಾ ನನ್ನ ತೋಳು ಹಿಡಿದು ನಿಂಗವ್ವ ದೊಡ್ಡವ್ವನ ಕಟ್ಟೆಗೆ ಕರೆತಂದಳು. ಭಜನೆಯವರೆಲ್ಲ ಅಲ್ಲೇ ಇದ್ದರು. ಮುಖ ಸ್ವಲ್ಪ ಬಾಡಿದ್ದವು, ಆದರೆ ಎಲ್ಲರೂ ಆರಾಮಿದ್ದರು. ಗೋಡೆಯ ಹತ್ತಿರ ಬೀಬಿಜಾನ ಅಂಗಿಗೆ ಗುಂಡಿ ಹಚ್ಚುತ್ತ ನಿಂತಿದ್ದಳು.

"ದೊಡ್ಡವ್ವಾ, ಅದು ತೀರ್ಥ ಅಲ್ಲ," ಎಂದೆ.

"ಮತ್ತೇನು?"

"ಜುಲಾಬಿಂದು ಔಷಧ."

ನಾನು ನೆಲ ನೋಡುತ್ತ ಉಳಿದದ್ದನ್ನೂ ಹೇಳಿದೆ. ಕರುಳು, ಕೊಳವೆ, ಶೇಂಗಾ, ಎರಡು ಮಾರ್ಕ್ಸ್. ಮಾತು ಮುಗಿಯಿತು. ಬೈಗುಳಕ್ಕೆ ಕಾದು ನಿಂತೆ.

ನಿಂಗವ್ವ ದೊಡ್ಡವ್ವ ಬಹಳ ಹೊತ್ತು ಯೋಚಿಸಿದಳು.

"ಇನ್ನೂ ಉಳದೈತೇನ?"

ಬೀಬಿಜಾನಳ ಬಾಯಲ್ಲಿದ್ದ ಸೂಜಿ ಕೆಳಗೆ ಬಿತ್ತು. ಚಪ್ಪಲಿ ಬಿಟ್ಟು ಓಡಿದ್ದವಳು ನಕ್ಕು ನಕ್ಕು ಕಟ್ಟೆ ಹಿಡಿದುಕೊಂಡಳು. "ಅಯ್ಯ ಯವ್ವಾ, ನಾ ದೇವರಿಗೆ ಏನ ತಪ್ಪು ಮಾಡೇನಿ ಅಂತ ನಿನ್ನೆಯಿಂದ ಕೈ ಮುಗಿಯಾಕತ್ತೇನಿ!"

ಆಮೇಲೆ ಮುದುಕಿಗೆ ಸಿಟ್ಟು ಬಂತು. ಅದು ಔಷಧದ ಮೇಲಲ್ಲ.

"ನಿನ್ನ ತಮ್ಮಗ ಆದದ್ದು ನಿನಗೂ ಆಗಬಹುದು ಅಂತ ಹೆದರಿ ಒಬ್ಬಾಕೀನ ಕುಂತಿದ್ದೀ? ಎದುರು ಮನ್ಯಾಗ ನಾ ಇದ್ದು ಏನ ಉಪಯೋಗ? ಎಂಬತ್ತು ವರ್ಷದಾಕಿ ಮುಂದ ನಾಚಿಕಿ ಮಾಡ್ತಿ? ನನ್ನ ಹೊಟ್ಟಿ ಸುದ್ದಿ ಓಣಿಗೆಲ್ಲಾ ಗೊತ್ತೈತಿ, ನಾ ಏನ ಸತ್ತೇನೇನು?"

ನಿಜ. ಅವಳ ಹೊಟ್ಟೆಯ ಸುದ್ದಿ ಪೇಟೆಯವರೆಗೂ ಗೊತ್ತಿತ್ತು.

ಒಂದು ವಾರ ಬಿಟ್ಟು ಎರಡನೆಯ ಸಲ. ಈ ಸಲ ಇಡೀ ಓಣಿಯೇ ತಯಾರಿಯಲ್ಲಿತ್ತು. ಶಿರಹಟ್ಟಿಗೆ, "ಬರಬ್ಯಾಡ, ಅದು ದೇವರದಲ್ಲ, ದವಾಖಾನೀದು," ಎಂದು ಮತ್ತೊಂದು ಫೋನ್ ಹೋಯಿತು. ಬೀಬಿಜಾನ ತನ್ನ ಹೊಲಿಗೆ ಯಂತ್ರವನ್ನೇ ನನ್ನ ಬಾಗಿಲಿಗೆ ತಂದು ಇಟ್ಟುಕೊಂಡಳು. ತಾಟು ಹಿಡಿದು ಬಂದವರನ್ನೆಲ್ಲ, "ಇದು ನಮ್ಮ ಕಡೀ ಉಪಾಸ, ತಿರುಗಿ ನಡೀರಿ!" ಎಂದು ಅಟ್ಟಿದಳು. ನಿಂಗವ್ವ ದೊಡ್ಡವ್ವ ನನ್ನೆದುರು ಕೂತು ಪ್ರತಿ ಗ್ಲಾಸನ್ನೂ ಕಣ್ಣಿಟ್ಟು ಕಾದಳು. ನಾನು ಪೂರ್ತಿ ಕುಡಿಯಲೆಂದೋ, ಸ್ವಲ್ಪ ಉಳಿಯಲೆಂದೋ, ಈಗಲೂ ನನಗೆ ಸಂಶಯವಿದೆ.

ಆದರೆ ಗೌಪ್ಯ ಹೋಯಿತು. ಕೊನೆಗೆ ತ್ಯಾಜ್ಯವೆಲ್ಲ ಹೋಗಿ ತಿಳಿಹಳದಿ ನೀರಿನಂತಾಗಬೇಕು ಎಂದು ನರ್ಸು ಹೇಳಿದ್ದನ್ನು ಗೀತಾ ಇವರಿಗೆ ಹೇಳಿಬಿಟ್ಟಿದ್ದಳು. ನಾನು ಹಿತ್ತಲಿನಲ್ಲಿದ್ದಾಗ ಗೋಡೆಯಾಚೆಯಿಂದ ಕೂಗು.

"ಅಕ್ಕಾ, ತಿಳಿ ಆತೇನ್ರಿ?"

ನಾನು ಚರಿಗೆಯ ನೀರು ಜೋರಾಗಿ ಸುರಿದೆ. ಈ ಸಲ ದೊಡ್ಡವ್ವನ ದನಿ.

"ಪಾರವ್ವಾ! ಬಣ್ಣ ಹೇಳು! ದಾಲಿ ಹಂಗೋ, ಶರಬತ್ತಿನ ಹಂಗೋ?"

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುವುದನ್ನು ನಿಲ್ಲಿಸಿ ಉತ್ತರಕ್ಕೆ ಕಾಯುತ್ತಿದ್ದ.

"ಶರಬತ್ತು!" ಎಂದು ಕೂಗಿದೆ. ಅರವತ್ತೆರಡು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ, ಒಂದೇ ಶಬ್ದಕ್ಕೆ!

ಮಂಗಳವಾರ ಒಂಬತ್ತು ಮಾರ್ಕ್ಸಿಗೆ ಎಂಟು ಬಂತು. ಡಾಕ್ಟರು ಕಡೆಯವರೆಗೆ ಹೋಗಿ, ಬಹಳ ಹೊತ್ತು ಮಾಡಿ ಹೊರಬಂದರು. ಬಲಗಡೆಯ ಒಂದು ಮಡಿಕೆಯ ಹಿಂದೆ, ಮೊದಲ ಸಲ ಸೊನ್ನೆ ಬಂದಿತ್ತಲ್ಲ, ಅದೇ ಕಡೆ, ತೊಗರಿ ಕಾಳಿಗಿಂತ ತುಸು ದೊಡ್ಡ ಗಂಟು ಚಪ್ಪಟೆಯಾಗಿ ಕೂತಿತ್ತು. ಅಲ್ಲೇ ತಂತಿಯ ಕುಣಿಕೆ ಹಾಕಿ ತೆಗೆದರು. ನನಗೆ ನೋವೂ ಆಗಲಿಲ್ಲ. ಗೀತಾ ಮಾತ್ರ ಹೊರಗೆ ಬೆಂಚಿನ ಮೇಲೆ ಕೂತು, ಅಂದು ನಾವು ಕೇಳಿದ ಹಾಗೆಯೇ ಡಾಕ್ಟರು "ಏನೂ ಇಲ್ಲ" ಎಂದು ಬರೆದುಕೊಟ್ಟಿದ್ದರೆ ಎಂದು ನೆನೆದು ಅತ್ತಳಂತೆ.

ಗಂಟನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಹತ್ತು ದಿನ. ಆ ಹತ್ತು ದಿನದ ಬಗ್ಗೆ ಹಾಸ್ಯ ಮಾಡಲು ನನಗೆ ಬರುವುದಿಲ್ಲ. ಶಿವಪ್ಪ ದಿನಾ ಬೆಳಿಗ್ಗೆ ಫೋನ್ ಮಾಡಿ, "ಚಾ ಆತೇನಕ್ಕಾ?" ಎಂದಷ್ಟೇ ಕೇಳುತ್ತಿದ್ದ. ನಾನು, "ಆತಪಾ," ಎನ್ನುತ್ತಿದ್ದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಇಡುತ್ತಿದ್ದೆವು.

ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಾದ ಜಾತಿಯದು ಎಂದರು. ನಾನು ಮೂರು ವರ್ಷಕ್ಕೆ ಮತ್ತೆ ತೋರಿಸಬೇಕು. ಗೀತಾಳನ್ನೂ ಒಮ್ಮೆ ನೋಡಬೇಕು.

ನಿಮ್ಮ ಅವ್ವ ಆ ತಿಂಗಳು ಪರೀಕ್ಷೆ ಮಾಡಿಸಿಕೊಂಡಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಲಕ್ಕುಂಡಿಯ ಒಬ್ಬ ಹೆಣ್ಣುಮಗಳು, ನನ್ನ ವಯಸ್ಸಿನವಳೇ, ಅದೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ಇವಳಿಗೆ ಎಲ್ಲ ಹೇಳಬೇಕು ಎಂದುಕೊಂಡೆ. ಹೆದರಬೇಡ, ಹಾಳೆಯ ಎರಡೂ ಮಗ್ಗುಲು ಓದು, ಮನೆಯವರಿಗೆ ಖರೆ ಹೇಳು ಎಂದೆಲ್ಲ ಮಾತು ಜೋಡಿಸಿಕೊಂಡೆ. ಅಷ್ಟರಲ್ಲಿ ಅವಳೇ ಮೆಲ್ಲಗೆ ಕೇಳಿದಳು.

"ನೀವು ಯಾಕ ಬಂದೀರಿ, ಅಕ್ಕಾರ?"

"ಮಗಳಿಗೆ ಹಲ್ಲು ಬ್ಯಾನಿರಿ," ಎಂದೆ.

ನಮ್ಮಿಬ್ಬರ ತಲೆಯ ಮೇಲೆ, ಹೊಟ್ಟೆ ಮತ್ತು ಕರುಳಿನ ವಿಭಾಗ ಎಂದು ಮೊಳದುದ್ದ ಅಕ್ಷರದಲ್ಲಿ ಬರೆದ ಬೋರ್ಡು ಇತ್ತು. ಅವಳು ಅದನ್ನು ಓದಿದಳು. ನಂತರ ನನ್ನನ್ನು ಓದಿದಳು. "ನಂದೂ ಹಲ್ಲರಿ," ಎಂದಳು.

ಗೀತಾಳ ಕರುಳಿನಲ್ಲಿ ಏನೂ ಇರಲಿಲ್ಲ. ಈ ಸುದ್ದಿ ಕೇಳಿ ಜೀವಕ್ಕೆ ತಂಪಾದ ಮೇಲೂ ಲಕ್ಕುಂಡಿಯವಳಿಗೆ ಒಂದು ಮಾತು ಹೇಳಲು ಆಗದೆ ಎದ್ದು ಬಂದೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಸಹನಾ, ಮುತ್ತು, ನಿಮಗೂ ವಯಸ್ಸಾದಾಗ ಯಾರಾದರೂ ಡಾಕ್ಟರು ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ ಎಂದು ಕೇಳುತ್ತಾರೆ. ಆಗ ಈ ಹಾಳೆಗಳನ್ನು ಅವರ ಕೈಯಲ್ಲಿ ಇಡಿ. ಅಲ್ಲಿಯವರೆಗೆ ಒದ್ದೆಯಾಗದ ಹಾಗೆ, ಇಲಿ ಕಡಿಯದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ. ಕಳೆದರೆ ನನ್ನನ್ನು ಕೇಳಲು ಬರಬೇಡಿ. ನಾನು ಹಲ್ಲು ಎಂದುಬಿಡುತ್ತೇನೆ.